ಯಂತ್ರದ ‘ಈ ದಿನ’ ಯಾರ ದಿನ?

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ನನ್ನನ್ನು ಭಾಷಣಕ್ಕೆ ಕರೆದಾಗ ನಾನು ನಿಜವಾಗಿಯೂ ಹೆದರಿದೆ. ಈ ವೇದಿಕೆಯ ಮೇಲೆ ಪಂಪನನ್ನು ಕುರಿತು ಮಾತಾಡಿದವರಿದ್ದಾರೆ, ವಚನಗಳನ್ನು ಕುರಿತು ಮಾತಾಡಿದವರಿದ್ದಾರೆ. ನಾನಾದರೋ ಬಿ.ಕಾಂ. ಓದಿ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತ ಗುಮಾಸ್ತ. ಹೆಂಡತಿಗೆ ದೆಹಲಿಯಲ್ಲಿ ಕೆಲಸವಾದದ್ದರಿಂದ ನಾನೂ ವರ್ಗ ಕೇಳಿಕೊಂಡು ಬಂದು, ವಸಂತ್ ಕುಂಜ್‌ನಲ್ಲಿ ಮನೆ ಮಾಡಿ, ಕನ್ನಡದ ಮಾತು ಕಿವಿಗೆ ಬೀಳಲೆಂದು ಸಂಘಕ್ಕೆ ಬರುವವನು. ಇದನ್ನೆಲ್ಲ ಹೇಳಿದಾಗ ಕಾರ್ಯದರ್ಶಿಗಳು, “ನೀವು ಸಂಘದ ರಸೀದಿಗಳು ತಾವಾಗಿಯೇ ಹೋಗುವಂತೆ ಅದೇನೋ ಏರ್ಪಾಡು ಮಾಡಿದಿರಲ್ಲ, ಅದನ್ನೇ ಹೇಳಿ. ಅದರಲ್ಲಿ ಆದ ಎಡವಟ್ಟುಗಳನ್ನೂ ಹೇಳಿ” ಎಂದರು. ಏರ್ಪಾಡಿನ ವಿಷಯದಲ್ಲಿ ನಾನು ಪಂಡಿತನಲ್ಲ. ಆದರೆ ಎಡವಟ್ಟಿನ ವಿಷಯದಲ್ಲಿ ನನಗೆ ಸ್ವಂತ ಅನುಭವವುಂಟು. ಆ ಧೈರ್ಯದ ಮೇಲೆ ತಮ್ಮ ಮುಂದೆ ನಿಂತಿದ್ದೇನೆ.

ನಾನು ಬ್ಯಾಂಕಿಗೆ ಸೇರಿದ ದಿನ ನನಗೆ ಕೊಟ್ಟ ಮೊದಲ ಕೆಲಸ ಹಣ ಎಣಿಸುವುದಲ್ಲ, ಲೆಕ್ಕ ಬರೆಯುವುದೂ ಅಲ್ಲ. ತಾರೀಖಿನ ಮೊಹರನ್ನು ತಿರುಗಿಸುವುದು. ಆ ಮೊಹರನ್ನು ತಾವೆಲ್ಲರೂ ಕಂಡಿದ್ದೀರಿ. ಚಲನ್ನಿನ ಪಕ್ಕದ ತುಂಡನ್ನು ಹರಿದು ನಿಮ್ಮ ಕೈಗೆ ಕೊಡುವ ಮುನ್ನ ಗುಮಾಸ್ತ ಠಕ್ಕೆಂದು ಒತ್ತುತ್ತಾನಲ್ಲ, ಅದೇ. ಅದರ ಹೊಟ್ಟೆಯಲ್ಲಿ ದಿನಕ್ಕೊಂದು, ತಿಂಗಳಿಗೊಂದು, ವರ್ಷಕ್ಕೊಂದು ರಬ್ಬರಿನ ಪಟ್ಟಿಗಳಿರುತ್ತವೆ. ಬೆಳಗ್ಗೆ ಒಬ್ಬರು ಅದನ್ನು ಸರಿಯಾಗಿ ತಿರುಗಿಸಿಟ್ಟರೆ ಸಾಯಂಕಾಲದವರೆಗೆ ಇನ್ನಾರೂ ತಾರೀಖಿನ ಯೋಚನೆ ಮಾಡಬೇಕಾಗಿಲ್ಲ. ಇನ್ನೂರು ಚೀಟಿಗೆ ಇನ್ನೂರು ಸಲ ಕೈಯಿಂದ ತಾರೀಖು ಬರೆಯುವ ಶ್ರಮವೂ ಇಲ್ಲ, ಬರೆಯುವಾಗ ತಪ್ಪುವ ಭಯವೂ ಇಲ್ಲ. ಆದರೆ ಬೆಳಗ್ಗೆ ತಿರುಗಿಸುವುದನ್ನು ಮರೆತರೋ, ಆ ಇನ್ನೂರು ಚೀಟಿಗಳೂ ನಿನ್ನೆಯವಾಗುತ್ತವೆ. ಕೈಬರಹದ ತಪ್ಪು ಒಂದೇ ಚೀಟಿಯದು. ಮೊಹರಿನ ತಪ್ಪು ಎಲ್ಲ ಚೀಟಿಗಳದು. ನಾನು ಈ ಹೊತ್ತು ಹೇಳಬೇಕೆಂದಿರುವುದೆಲ್ಲ ಈ ಮೊಹರಿನಲ್ಲಿ ಅಡಗಿದೆ.

ಈಗ ‘ವರ್ಕ್‌ಫ್ಲೋ ಆಟೋಮೇಷನ್’ ಎಂದರೇನು ಎಂಬುದನ್ನು ನೋಡೋಣ. ಹೆಸರು ದೊಡ್ಡದು, ವಿಷಯ ಸಣ್ಣದು. ಒಂದು ಕೆಲಸ ಮುಗಿದರೆ ಇನ್ನೊಂದು, ಅದು ಮುಗಿದರೆ ಮತ್ತೊಂದು, ಹೀಗೆ ಕೊಂಡಿಗೆ ಕೊಂಡಿ ಹಾಕಿದ ಸರಪಣಿ. ಹಿಂದೆ ಕಚೇರಿಗಳಲ್ಲಿ ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತಿತ್ತು. ಜವಾನ ಹೊತ್ತುಕೊಂಡು ಹೋಗುತ್ತಿದ್ದ. ಈಗ ಆ ಜವಾನನ ಕೆಲಸವನ್ನು ಗಣಕಯಂತ್ರಕ್ಕೆ ವಹಿಸುತ್ತೇವೆ. ಮೈಕ್ರೋಸಾಫ್ಟಿನ ಪವರ್ ಆಟೋಮೇಟ್, ಜೇಪಿಯರ್, ಎನ್-ಎಯ್ಟ್-ಎನ್, ಯುಐಪಾತ್ ಮುಂತಾದ ಹೆಸರುಗಳನ್ನು ಮನೆಯ ಮಕ್ಕಳ ಬಾಯಲ್ಲಿ ಕೇಳಿರಬಹುದು. ಇವೆಲ್ಲ ಅಂಥ ಸರಪಣಿಯನ್ನು ಹೆಣೆಯುವ ಸಾಧನಗಳು.

ನಮ್ಮ ಸಂಘದಲ್ಲಿ ನಾನು ಹೆಣೆದ ಸರಪಣಿ ಹೀಗಿದೆ. ಸದಸ್ಯರು ಚಂದಾ ಕೊಟ್ಟು ಒಂದು ಅರ್ಜಿಯನ್ನು ತುಂಬುತ್ತಾರೆ. ತುಂಬಿದೊಡನೆ ಅವರ ಹೆಸರೂ ಮೊಬಲಗೂ ಲೆಕ್ಕದ ಹಾಳೆಯಲ್ಲಿ ಒಂದು ಸಾಲಾಗಿ ಕೂರುತ್ತವೆ. ಆ ಸಾಲನ್ನು ನೋಡಿ ಯಂತ್ರ ರಸೀದಿಯನ್ನು ತಯಾರಿಸುತ್ತದೆ. ರಸೀದಿ ಸದಸ್ಯರ ಇ-ಮೇಲಿಗೆ ಹೋಗುತ್ತದೆ, ಖಜಾಂಚಿಗಳಿಗೆ ಒಂದು ಪ್ರತಿ ಹೋಗುತ್ತದೆ. ನಾಲ್ಕು ಕೊಂಡಿ, ಅಷ್ಟೆ.

ರಸೀದಿಯ ನಮೂನೆಯಲ್ಲಿ ಕೆಲವು ಸ್ಥಳಗಳನ್ನು ಖಾಲಿ ಬಿಟ್ಟಿರಬೇಕಷ್ಟೆ. ಆ ಖಾಲಿ ಸ್ಥಳಗಳಿಗೆ ಕೊಟ್ಟ ಹೆಸರೇ ‘ವೇರಿಯಬಲ್’. ಶಾಲೆಯ ಬೀಜಗಣಿತದಲ್ಲಿ ಚರಾಕ್ಷರವೆಂದು ಓದಿದ್ದೆವಲ್ಲ, ಅದರ ತಮ್ಮ. ಇವುಗಳಲ್ಲಿ ಎರಡು ಜಾತಿ. ಕೆಲವನ್ನು ನಾವು ತುಂಬಬೇಕು: ಸದಸ್ಯರ ಹೆಸರು, ಕೊಟ್ಟ ಮೊಬಲಗು. ಇವನ್ನು ಯಂತ್ರ ತಾನಾಗಿ ತಿಳಿಯಲಾರದು. ಇನ್ನು ಕೆಲವನ್ನು ಯಾರೂ ತುಂಬಬೇಕಾಗಿಲ್ಲ. ಯಂತ್ರ ತಾನೇ ಬಲ್ಲದು: ಈ ದಿನದ ತಾರೀಖು, ಈಗಿನ ಗಂಟೆ, ಯಾರ ಖಾತೆಯಿಂದ ಕೆಲಸ ನಡೆಯುತ್ತಿದೆ, ಯಾವ ಗಣಕದ ಮೇಲೆ, ಯಾವ ಸರಪಣಿ, ಇದು ಎಷ್ಟನೆಯ ಓಟ, ತಪ್ಪಾದರೆ ಯಾವ ಕೊಂಡಿಯಲ್ಲಿ ತಪ್ಪಾಯಿತು. ಹೀಗೆ ವ್ಯವಸ್ಥೆಯೇ ಒದಗಿಸುವ ಮೌಲ್ಯಗಳಿಗೆ ‘ಸಿಸ್ಟಂ ವೇರಿಯಬಲ್’ ಎಂದು ಹೆಸರು. ವಿಂಡೋಸ್ ಗಣಕಗಳಲ್ಲಿ ಆಜ್ಞೆ ಬರೆಯುವಾಗ ಎರಡು ಶೇಕಡಾ ಗುರುತುಗಳ ನಡುವೆ ‘ಯೂಸರ್‌ನೇಮ್’ ಎಂದು ಬರೆದರೆ ಲಾಗಿನ್ ಆಗಿರುವವರ ಹೆಸರೂ, ‘ಕಂಪ್ಯೂಟರ್‌ನೇಮ್’ ಎಂದು ಬರೆದರೆ ಆ ಗಣಕದ ಹೆಸರೂ ಆ ಜಾಗಕ್ಕೆ ಬಂದು ಕೂರುತ್ತವೆ. ಬೇರೆ ಬೇರೆ ಸಾಧನಗಳಲ್ಲಿ ಬರೆಯುವ ರೀತಿ ಬೇರೆ, ತತ್ತ್ವ ಒಂದೇ. ನಮ್ಮ ತಾರೀಖಿನ ಮೊಹರೇ ಇದು. ಒಂದು ಕಡೆ ತಿರುಗಿದರೆ ಎಲ್ಲ ಕಡೆಯೂ ಬದಲಾಗುತ್ತದೆ.

ಒಂದು ಕಡೆ ಇಟ್ಟ ಹೆಸರಿನ ಪ್ರಯೋಜನ ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾದದ್ದಲ್ಲ. ೧೯೫೬ರ ನವೆಂಬರ್ ೧ರಂದು ನಮ್ಮ ನಾಡು ಒಂದಾದಾಗ ಅದರ ಹೆಸರು ಮೈಸೂರು ರಾಜ್ಯ. ೧೯೭೩ರ ನವೆಂಬರ್ ೧ರಂದು ಅದು ಕರ್ನಾಟಕವಾಯಿತು. ಕಚೇರಿಗಳ ಮೊಹರು, ಫಲಕ, ನಮೂನೆಗಳಲ್ಲಿ ಹಳೆಯ ಹೆಸರು ಅಚ್ಚಾಗಿದ್ದ ಕಡೆಯೆಲ್ಲ ಅದನ್ನು ಕೈಯಾರೆ ಬದಲಾಯಿಸಬೇಕಾಗಿತ್ತು. ಮತ್ತೆ ೨೦೧೪ರ ನವೆಂಬರ್ ೧ರಂದು ಬೆಂಗಳೂರು, ಬೆಳಗಾವಿ, ಕಲಬುರಗಿ ಮೊದಲಾದ ಹನ್ನೆರಡು ಊರುಗಳ ಹೆಸರುಗಳು ಇಂಗ್ಲಿಷಿನಲ್ಲಿಯೂ ಕನ್ನಡದ ಉಚ್ಚಾರಣೆಗೆ ಬಂದವು. ನಮ್ಮ ಬ್ಯಾಂಕುಗಳ ಲೋಕದಲ್ಲಿಯೂ ಹೀಗೆಯೇ ಆಯಿತು. ೧೯೨೫ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ೨೦೨೦ರ ಏಪ್ರಿಲ್ ೧ರಂದು ಕೆನರಾ ಬ್ಯಾಂಕಿನಲ್ಲಿ ಸೇರಿತು. ಹಣ ಕಳುಹಿಸುವಾಗ ಬರೆಯುವ ಹನ್ನೊಂದು ಅಕ್ಷರಗಳ ಐ.ಎಫ್.ಎಸ್. ಸಂಕೇತದಲ್ಲಿ ಮೊದಲ ನಾಲ್ಕು ಬ್ಯಾಂಕಿನ ಗುರುತು. ಸಿಂಡಿಕೇಟಿನ ಹಳೆಯ ಸಂಕೇತಗಳು ೨೦೨೧ರ ಜುಲೈ ೧ರಿಂದ ನಡೆಯದೆಹೋದವು. ತಮ್ಮ ನಮೂನೆಗಳಲ್ಲೆಲ್ಲ ಹಳೆಯ ಸಂಕೇತವನ್ನು ಹರಡಿಕೊಂಡಿದ್ದವರು ಒಂದೊಂದನ್ನೂ ಹುಡುಕಿ ತಿದ್ದಬೇಕಾಯಿತು. ಒಂದೇ ಕಡೆ ವೇರಿಯಬಲ್ಲಾಗಿ ಇಟ್ಟುಕೊಂಡಿದ್ದವರು ಆ ಒಂದನ್ನು ತಿದ್ದಿ ಕಾಫಿ ಕುಡಿಯಲು ಹೋದರು. ಈ ಸಂಕೇತ ಯಂತ್ರ ತಾನೇ ಒದಗಿಸುವುದಲ್ಲ, ನಾವು ಮಾಡಿಕೊಂಡದ್ದು ಎಂಬುದು ನಿಜ. ಆದರೂ ಪದೇ ಪದೇ ಬದಲಾಗುವುದನ್ನು ಹತ್ತು ಕಡೆ ಕೈಯಿಂದ ಬರೆಯಬಾರದೆಂಬ ಮಾತು ಎರಡಕ್ಕೂ ಸಲ್ಲುತ್ತದೆ.

ಇಷ್ಟು ಕೇಳಿದರೆ ಸಿಸ್ಟಂ ವೇರಿಯಬಲ್ಲಿನಂಥ ಉಪಕಾರಿ ಇನ್ನೊಂದಿಲ್ಲವೆಂದು ತೋರುತ್ತದೆ. ನನಗೂ ಹಾಗೆಯೇ ತೋರಿತ್ತು. ಈಗ ಎಡವಟ್ಟುಗಳಿಗೆ ಬರುತ್ತೇನೆ.

ಮೊದಲನೆಯದು ಸಂಘದ ರಸೀದಿಗಳದು. ರಸೀದಿಯ ತಾರೀಖಿನ ಜಾಗದಲ್ಲಿ ನಾನು ‘ಟುಡೇ’ ಎಂಬ ಸೂತ್ರವನ್ನು ಹಾಕಿದ್ದೆ. ಎಂದರೆ ‘ಈ ದಿನ’. ಏಪ್ರಿಲಿನಲ್ಲಿ ಚಂದಾ ಕೊಟ್ಟವರ ರಸೀದಿ ಏಪ್ರಿಲಿನ ತಾರೀಖನ್ನೇ ಹೊತ್ತು ಅವರಿಗೆ ತಲುಪಿತು. ಯಾರಿಗೂ ಸಂದೇಹ ಬರಲಿಲ್ಲ. ಮರುವರ್ಷ ಮಾರ್ಚಿಯಲ್ಲಿ ಲೆಕ್ಕ ನೋಡಲು ಬಂದ ಹಿರಿಯರೊಬ್ಬರು ನಮ್ಮ ಕಡತದಲ್ಲಿದ್ದ ಪ್ರತಿಗಳನ್ನು ತೆರೆದರು. ಎಲ್ಲ ರಸೀದಿಗಳ ಮೇಲೂ ಆ ದಿನದ ತಾರೀಖು! ಅವರು ಕನ್ನಡಕವನ್ನು ಮೂಗಿನ ತುದಿಗಿಳಿಸಿ, “ಏನಪ್ಪ, ಇಡೀ ಸಂಘದವರು ಇವತ್ತು ಬೆಳಗ್ಗೆ ಒಟ್ಟಿಗೇ ಬಂದು ಚಂದಾ ಕೊಟ್ಟರೇ?” ಎಂದು ಕೇಳಿದರು. ನಡೆದದ್ದೇನೆಂದರೆ, ಆ ಸೂತ್ರ ಕಡತವನ್ನು ತೆರೆದಾಗಲೆಲ್ಲ ಹೊಸದಾಗಿ ಲೆಕ್ಕ ಹಾಕುತ್ತದೆ. ನಿನ್ನೆ ಕೇಳಿದರೆ ನಿನ್ನೆಯನ್ನು, ಇಂದು ಕೇಳಿದರೆ ಇಂದನ್ನು ಹೇಳುತ್ತದೆ. ಪತ್ರ ಬರೆಯುವ ತಂತ್ರಾಂಶದಲ್ಲಿ ತಾರೀಖು ಸೇರಿಸುವಾಗ ‘ತಾನಾಗಿ ಬದಲಾಗಲಿ’ ಎಂಬ ಗುರುತು ಹಾಕಿದರೂ ಇದೇ ಗತಿ.

ಇದರಿಂದ ಕಲಿತದ್ದು ಇಷ್ಟು. ಮೊಹರಿನ ಒಳಗಿನ ತಾರೀಖು ದಿನವೂ ತಿರುಗಬೇಕು. ಆದರೆ ಕಾಗದದ ಮೇಲೆ ಬಿದ್ದ ತಾರೀಖು ತಿರುಗಬಾರದು. ಯಂತ್ರವನ್ನು ಸರಪಣಿಯ ಮೊದಲ ಕೊಂಡಿಯಲ್ಲಿ ಒಂದೇ ಸಲ ‘ಈಗ ಎಷ್ಟು ಹೊತ್ತು?’ ಎಂದು ಕೇಳಿ, ಬಂದ ಉತ್ತರವನ್ನು ನಮ್ಮದೇ ಒಂದು ವೇರಿಯಬಲ್ಲಿನಲ್ಲಿ ಬರೆದಿಟ್ಟುಕೊಂಡು, ಮುಂದಿನ ಕೊಂಡಿಗಳಲ್ಲೆಲ್ಲ ಅದನ್ನೇ ಬಳಸಬೇಕು. ಇಲ್ಲದಿದ್ದರೆ ರಾತ್ರಿ ೧೧-೫೯ಕ್ಕೆ ಹೊರಟ ಸರಪಣಿ ೧೨-೦೧ಕ್ಕೆ ಮುಗಿಯುವಾಗ ರಸೀದಿಯ ಮೇಲೆ ಒಂದು ತಾರೀಖು, ಲೆಕ್ಕದ ಹಾಳೆಯ ಮೇಲೆ ಇನ್ನೊಂದು ತಾರೀಖು ಆಗುತ್ತದೆ.

ಎರಡನೆಯದು ನನ್ನ ಮನೆಯ ವಿಷಯ. ಹೇಳಲು ಸ್ವಲ್ಪ ಸಂಕೋಚವಿದೆ. ಆದರೂ ಇಲ್ಲಿರುವವರಲ್ಲಿ ಅನೇಕರ ತಂದೆತಾಯಿಗಳು ಊರಿನಲ್ಲಿದ್ದಾರೆ, ಆದುದರಿಂದ ಹೇಳಬೇಕು.

ನಮ್ಮ ತಾಯಿ ತಿಪಟೂರಿನಲ್ಲಿದ್ದಾರೆ. ಒಬ್ಬರೇ ಇದ್ದಾರೆ. ದೆಹಲಿಯ ಛಳಿಯೂ ಒಗ್ಗದು, ಬಿಸಿಲೂ ಒಗ್ಗದು, ಎದುರು ಮನೆಯವರ ಭಾಷೆಯೂ ಬಾರದು ಎಂದು ಎರಡು ಸಲ ಬಂದು ಎರಡು ಸಲವೂ ಹಿಂತಿರುಗಿದವರು. ಅವರಿಗೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಒಂದು ಮಾತ್ರೆಯಿದೆ. ಅದು ಹೆಚ್ಚಾದರೂ ಕಷ್ಟ, ಕಡಮೆಯಾದರೂ ಕಷ್ಟ. ಆಗಾಗ ರಕ್ತಪರೀಕ್ಷೆ ಮಾಡಿಸಿ ಪ್ರಮಾಣವನ್ನು ಗೊತ್ತುಮಾಡುತ್ತಾರೆ. ವೈದ್ಯರು ಸೋಮವಾರ, ಬುಧವಾರ, ಶುಕ್ರವಾರ ಒಂದು ಇಡೀ ಮಾತ್ರೆ, ಉಳಿದ ದಿನ ಅರ್ಧ ಎಂದು ಬರೆದುಕೊಟ್ಟಿದ್ದರು. ನಾನು ದಿನವೂ ಫೋನು ಮಾಡಿ ನೆನಪಿಸುತ್ತಿದ್ದೆ. ಆಮೇಲೆ ಬುದ್ಧಿವಂತನಾದೆ. ಸಂಘದ ರಸೀದಿಗೆ ಸರಪಣಿ ಹೆಣೆದವನಿಗೆ ತಾಯಿಯ ಮಾತ್ರೆಗೆ ಹೆಣೆಯುವುದು ಕಷ್ಟವೇ? ಅಮ್ಮ ಏಳುವುದು ಐದು ಗಂಟೆಗೆ. ಎದ್ದೊಡನೆ ಆ ದಿನದ ಮಾತ್ರೆಗಳನ್ನೆಲ್ಲ ಒಂದು ಡಬ್ಬಿಗೆ ತೆಗೆದಿಡುವುದು ಅವರ ರೂಢಿ. ಆದುದರಿಂದ ಬೆಳಗ್ಗೆ ಐದಕ್ಕೆ ಸರಿಯಾಗಿ ಯಂತ್ರ ‘ಈ ದಿನ’ ಯಾವ ವಾರವೆಂದು ನೋಡಿ, ಅದಕ್ಕೆ ತಕ್ಕ ಪ್ರಮಾಣವನ್ನು ಕನ್ನಡದಲ್ಲಿ ಬರೆದು, ಅವರ ಫೋನಿಗೆ ಸಂದೇಶ ಕಳುಹಿಸುವಂತೆ ಮಾಡಿದೆ. ಶನಿವಾರ ರಾತ್ರಿ ಒಂಬತ್ತಕ್ಕೆ ಪರೀಕ್ಷೆ ಮಾಡಿದೆ. ‘ಈ ದಿನ ಶನಿವಾರ. ಅರ್ಧ ಮಾತ್ರೆ’ ಎಂದು ಬಂತು. ಸರಿಯಾಗಿದೆ ಎಂದುಕೊಂಡು ಸೋಮವಾರದಿಂದ ಜಾರಿಗೆ ತಂದು ನಿಶ್ಚಿಂತನಾಗಿ ಮಲಗಿದೆ.

ಸೋಮವಾರ ಬೆಳಗ್ಗೆ ಐದು ಗಂಟೆ ಹತ್ತು ನಿಮಿಷಕ್ಕೆ ಅಮ್ಮನ ಫೋನು ಬಂತು.

“ಏನೋ ಇದು, ನಿಮ್ಮ ಡೆಲ್ಲೀಲಿ ಇವತ್ತೂ ಭಾನುವಾರವೇನೋ? ಇಲ್ಲಿ ಸೋಮವಾರ ಆಗಿ ಹಾಲಿನವನೂ ಬಂದು ಹೋದ.”

“ಇಲ್ಲಮ್ಮ, ಇಲ್ಲೂ ಸೋಮವಾರವೇ.”

“ಹಾಗಾದರೆ ಈ ಅರ್ಧ ಮಾತ್ರೆ ಯಾರಿಗೆ?”

ನಾನು ಹಾಸಿಗೆಯ ಮೇಲೆ ಎದ್ದು ಕುಳಿತೆ. ಸಂದೇಶದಲ್ಲಿ ‘ಈ ದಿನ ಭಾನುವಾರ. ಅರ್ಧ ಮಾತ್ರೆ’ ಎಂದಿತ್ತು. ಅಮ್ಮನ ಅಡಿಗೆಮನೆಯ ಗೋಡೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರೊಂದಿದೆ. ಎದ್ದೊಡನೆ ಹಿಂದಿನ ದಿನದ ಹಾಳೆಯನ್ನು ಹರಿಯದೆ ಅವರು ಒಲೆ ಹಚ್ಚುವುದಿಲ್ಲ. ಆ ಹಾಳೆ ಸೋಮವಾರವೆಂದಿತು, ಮಗನ ಯಂತ್ರ ಭಾನುವಾರವೆಂದಿತು. ಅವರು ಹಾಳೆಯನ್ನು ನಂಬಿದರು.

ತಪ್ಪು ಎಲ್ಲಿ ಎಂದು ಹುಡುಕಿದೆ. ಯಂತ್ರ ಸುಳ್ಳು ಹೇಳಿರಲಿಲ್ಲ. ಲೋಕದ ಗಣಕಗಳು ಒಂದಕ್ಕೊಂದು ಹೊಂದಿಕೊಂಡು ನಡೆಯಬೇಕಾದುದರಿಂದ ಇಂಥ ಅನೇಕ ಸಾಧನಗಳು ಕಾಲವನ್ನು ಯು.ಟಿ.ಸಿ. ಎಂಬ ಜಾಗತಿಕ ಅಳತೆಯಲ್ಲಿ ಇಟ್ಟುಕೊಳ್ಳುತ್ತವೆ. ಹೆಚ್ಚುಕಡಮೆ ಹಳೆಯ ಗ್ರೀನಿಚ್ ಕಾಲವೇ ಅದು. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಭಾರತದ ಕಾಲ ಪೂರ್ವ ರೇಖಾಂಶ ೮೨.೫ ಡಿಗ್ರಿಯದು. ಗುಣಿಸಿದರೆ ೩೩೦ ನಿಮಿಷ, ಎಂದರೆ ಐದೂವರೆ ಗಂಟೆ. ನಾವು ಅಷ್ಟು ಮುಂದಿದ್ದೇವೆ. ಈ ಭಾರತೀಯ ಕಾಲವನ್ನು ಪರಮಾಣು ಗಡಿಯಾರಗಳಿಂದ ಕಾಯುವುದು ನಮ್ಮ ಈ ದೆಹಲಿಯಲ್ಲಿಯೇ ಇರುವ ರಾಷ್ಟ್ರೀಯ ಭೌತ ಪ್ರಯೋಗಾಲಯ. ತಿಪಟೂರಿನಲ್ಲಿ ಸೋಮವಾರ ಬೆಳಗ್ಗೆ ಐದು ಗಂಟೆಯಾದಾಗ ಯಂತ್ರದ ಗಡಿಯಾರದಲ್ಲಿ ಭಾನುವಾರ ರಾತ್ರಿ ಹನ್ನೊಂದೂವರೆ. ಯಂತ್ರಕ್ಕೆ ಅದು ಇನ್ನೂ ಭಾನುವಾರವೇ ಸರಿ.

ಹಾಗಾದರೆ ಶನಿವಾರದ ಪರೀಕ್ಷೆಯಲ್ಲಿ ಏಕೆ ತಿಳಿಯಲಿಲ್ಲ? ನಮ್ಮ ರಾತ್ರಿ ಒಂಬತ್ತು ಯಂತ್ರಕ್ಕೆ ಮಧ್ಯಾಹ್ನ ಮೂರೂವರೆ; ಎರಡು ಕಡೆಯೂ ಶನಿವಾರವೇ. ನಮ್ಮ ಮಧ್ಯರಾತ್ರಿಯಿಂದ ಬೆಳಗಿನ ಐದೂವರೆಯವರೆಗೆ ಮಾತ್ರ ಈ ಎರಡು ತಾರೀಖುಗಳು ಬೇರೆ ಬೇರೆ. ದಿನದ ಉಳಿದ ಹದಿನೆಂಟೂವರೆ ಗಂಟೆ ತಪ್ಪು ಮುಚ್ಚಿಕೊಂಡಿರುತ್ತದೆ. ಇದೇ ಅದರ ಅಪಾಯ. ಸಾಯಂಕಾಲ ಕೆಲಸದಿಂದ ಬಂದು ಪರೀಕ್ಷೆ ಮಾಡುವ ನನ್ನಂಥವನ ಕಣ್ಣಿಗೆ ಅದು ಎಂದೂ ಬೀಳದು. ಪವರ್ ಆಟೋಮೇಟಿನಲ್ಲಿ ‘ಯುಟಿಸಿ-ನೌ’ ಎಂದು ಕೇಳಿದರೆ ಬರುವುದು ಈ ಕಾಲವೇ. ಹೆಸರಿನಲ್ಲಿಯೇ ಹೇಳಿಬಿಟ್ಟಿದೆ, ಓದಬೇಕು. ಅದನ್ನು ಭಾರತದ ಕಾಲಕ್ಕೆ ಪರಿವರ್ತಿಸುವ ಕೊಂಡಿಯೊಂದನ್ನು ನಾವೇ ಸೇರಿಸಬೇಕು. ಇನ್ನು ಕೆಲವು ಸಾಧನಗಳಲ್ಲಿ ಊರನ್ನು ಆರಿಸಿಕೊಳ್ಳಬೇಕು. ಅಲ್ಲಿ ಬೆಂಗಳೂರೂ ಇಲ್ಲ, ದೆಹಲಿಯೂ ಇಲ್ಲ. ಭಾರತಕ್ಕೆಲ್ಲ ‘ಏಷ್ಯಾ-ಕೋಲ್ಕತಾ’ ಒಂದೇ. ಹುಡುಕಿ ಸಿಗದೆ ಕೆಲವರು ಹಾಗೆಯೇ ಬಿಟ್ಟುಬಿಡುತ್ತಾರೆ.

ತಮ್ಮಲ್ಲಿ ಯಾರಿಗಾದರೂ ಫೋನಿನಲ್ಲಿ ಯಾವುದೋ ಕಡತಕ್ಕೆ ೧೯೭೦ರ ಜನವರಿ ೧, ಬೆಳಗ್ಗೆ ಐದೂವರೆ ಎಂಬ ವಿಚಿತ್ರ ತಾರೀಖು ಕಂಡದ್ದುಂಟೇ? ಅದರ ಗುಟ್ಟೂ ಇದೇ. ಬಹಳಷ್ಟು ಗಣಕಗಳು ಕಾಲವನ್ನು ೧೯೭೦ರ ಜನವರಿ ೧ರ ಯು.ಟಿ.ಸಿ. ಮಧ್ಯರಾತ್ರಿಯಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ. ತಾರೀಖು ತಿಳಿಯದೆ ಸೊನ್ನೆ ಉಳಿದರೆ ಅದು ನಮ್ಮ ದೇಶದ ಗಡಿಯಾರಕ್ಕೆ ಬೆಳಗಿನ ಐದೂವರೆಯಾಗಿ ಕಾಣಿಸುತ್ತದೆ.

ಯೋಚಿಸಿದರೆ ‘ಈ ದಿನ’ ಎಂಬುದು ನಮ್ಮಲ್ಲಿಯೂ ಒಂದಲ್ಲ. ಗಡಿಯಾರದ ದಿನ ಮಧ್ಯರಾತ್ರಿಗೆ ಹುಟ್ಟುತ್ತದೆ. ಪಂಚಾಂಗದ ವಾರ ಸೂರ್ಯೋದಯಕ್ಕೆ ಹುಟ್ಟುತ್ತದೆ. ಬ್ಯಾಂಕಿನ ಲೆಕ್ಕದ ದಿನ, ಹಿಂದಿನ ದಿನದ ಲೆಕ್ಕವನ್ನು ಮುಚ್ಚುವ ಕೆಲಸ ಮುಗಿದ ಮೇಲೆ ಹುಟ್ಟುತ್ತದೆ. ಯಂತ್ರದ ದಿನ ನಮ್ಮ ಐದೂವರೆಗೆ ಹುಟ್ಟುತ್ತದೆ. ನಮ್ಮ ತಾತ ಮುತ್ತಾತಂದಿರಿಗೂ ಈ ಯಂತ್ರಕ್ಕೂ ಬೆಳಗಾಗುವುದು ಸುಮಾರು ಒಂದೇ ಹೊತ್ತಿಗೆ ಎಂದು ನಗಬಹುದು. ಆದರೆ ಮಾತ್ರೆಯ ವಿಷಯದಲ್ಲಿ ನಗು ಬರುವುದಿಲ್ಲ. ಆ ದಿನ ಸಂದೇಶದಲ್ಲಿ ವಾರದ ಹೆಸರನ್ನು ಬರೆಸದೆ ಬರಿಯ ‘ಈ ದಿನ ಅರ್ಧ ಮಾತ್ರೆ’ ಎಂದು ಬರೆಸಿದ್ದರೆ ಅಮ್ಮನಿಗೆ ತಪ್ಪು ತಿಳಿಯುವ ದಾರಿಯೇ ಇರಲಿಲ್ಲ. ಇಡೀ ಮಾತ್ರೆಯ ದಿನಗಳೆಲ್ಲ ಒಂದೊಂದು ದಿನ ಮುಂದಕ್ಕೆ ಜಾರಿ ವಾರಗಳು ಕಳೆಯುತ್ತಿದ್ದವು. ವಾರದ ಹೆಸರನ್ನು ನಾನು ಸೇರಿಸಿದ್ದು ಮುಂದಾಲೋಚನೆಯಿಂದಲ್ಲ, ಸಂದೇಶ ನೋಡಲು ಚೆನ್ನಾಗಿರಲೆಂದು. ಆ ಒಂದು ಪದವೇ ಕಾಪಾಡಿತು. ಯಂತ್ರ ಏನು ಮಾಡಬೇಕೆಂದು ಹೇಳಿದರೆ ಸಾಲದು. ತಾನು ಏನನ್ನು ನಂಬಿಕೊಂಡು ಹಾಗೆ ಹೇಳುತ್ತಿದ್ದೇನೆಂಬುದನ್ನೂ ಹೇಳಬೇಕು. ಆಗ ಎದುರಿನಲ್ಲಿರುವ ಮನುಷ್ಯ ಅದನ್ನು ಪರೀಕ್ಷಿಸಬಲ್ಲ.

ಮೂರನೆಯ ಎಡವಟ್ಟು ‘ಯಾರು’ ಎಂಬುದನ್ನು ಕುರಿತದ್ದು. ಸಂಘದ ರಸೀದಿಯ ಕೆಳಗೆ ‘ಹಣ ಪಡೆದವರು’ ಎಂಬ ಜಾಗವಿದೆ. ಅಲ್ಲಿ ನಾನು ಬಳಕೆದಾರರ ಹೆಸರನ್ನು ಕೊಡುವ ಸಿಸ್ಟಂ ವೇರಿಯಬಲ್ಲನ್ನು ಇಟ್ಟಿದ್ದೆ. ಖಜಾಂಚಿಗಳು ಹಣ ಪಡೆದು ಅರ್ಜಿ ತುಂಬಿದರೆ ಅವರ ಹೆಸರು ಬರುತ್ತದೆಂದು ನನ್ನ ಎಣಿಕೆ. ಬಂದದ್ದೆಲ್ಲ ನನ್ನ ಹೆಸರು. ಏಕೆಂದರೆ ಸರಪಣಿ ನಡೆಯುವುದು ಅದನ್ನು ಹೆಣೆದವನ ಖಾತೆಯಲ್ಲಿ; ಯಂತ್ರ ಬಲ್ಲದ್ದು ಆ ಖಾತೆಯನ್ನು, ಮುಂದೆ ಕುಳಿತ ಮನುಷ್ಯನನ್ನಲ್ಲ. ಒಬ್ಬ ಸದಸ್ಯರು, “ನಾನು ಹಣ ಕೊಟ್ಟದ್ದು ತಮ್ಮ ಕೈಗಲ್ಲವಲ್ಲ” ಎಂದು ಕೇಳಿದಾಗ ನನ್ನ ಮುಖ ಸಣ್ಣದಾಯಿತು. ಬ್ಯಾಂಕಿನಲ್ಲಿ ಇದು ಸಣ್ಣ ಮಾತಲ್ಲ. ಒಂದು ನಮೂದನ್ನು ಬರೆದವರು ಒಬ್ಬರು, ನೋಡಿ ಒಪ್ಪಿದವರು ಇನ್ನೊಬ್ಬರು, ಇಬ್ಬರ ಗುರುತೂ ಅಲ್ಲಿ ಉಳಿಯಬೇಕು. ಅದಕ್ಕಾಗಿಯೇ ತನ್ನ ಪಾಸ್‌ವರ್ಡನ್ನು ಪಕ್ಕದವರಿಗೂ ಕೊಡಬಾರದೆಂಬ ಕಟ್ಟುನಿಟ್ಟು. ಆದುದರಿಂದ ಹಣ ಪಡೆದವರ ಹೆಸರನ್ನು ಈಗ ಅರ್ಜಿಯಲ್ಲಿಯೇ ಆರಿಸುವಂತೆ ಮಾಡಿದ್ದೇವೆ. ಸರಪಣಿಯನ್ನೂ ನನ್ನ ಖಾತೆಯಿಂದ ತೆಗೆದು ಸಂಘದ ಖಾತೆಗೆ ವರ್ಗಾಯಿಸಿದ್ದೇವೆ. ನಾಳೆ ನನಗೆ ಬೇರೆ ಊರಿಗೆ ವರ್ಗವಾಗಿ ನನ್ನ ಖಾತೆ ಮುಚ್ಚಿದರೆ ಸಂಘದ ರಸೀದಿಗಳು ನಿಂತುಹೋಗಬಾರದಲ್ಲ.

ನಾಲ್ಕನೆಯದು ಈ ಹಬ್ಬಕ್ಕೇ ಸಂಬಂಧಿಸಿದ್ದು. ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ರಾಜ್ಯೋತ್ಸವದ ಹಿಂದಿನ ದಿನ ಎಲ್ಲ ಸದಸ್ಯರಿಗೂ ನೆನಪಿನ ಸಂದೇಶ ಹೋಗಲೆಂದು ಹಾಳೆಯಲ್ಲಿ ೧/೧೧ ಎಂದು ಬರೆದಿದ್ದೆ. ಅಕ್ಟೋಬರ್ ೩೧ ಕಳೆಯಿತು. ಒಂದು ಸಂದೇಶವೂ ಹೋಗಲಿಲ್ಲ. ಆ ಹಾಳೆಯ ದೇಶಪದ್ಧತಿ ಅಮೆರಿಕದ್ದಾಗಿತ್ತು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಯಂತ್ರ ರಾಜ್ಯೋತ್ಸವವನ್ನು ಜನವರಿ ೧೧ಕ್ಕೆ ಇಟ್ಟುಕೊಂಡು ಸಂಕ್ರಾಂತಿಯ ಹೊತ್ತಿಗೆ ಕರೆಯೋಣವೆಂದು ಸುಮ್ಮನೆ ಕುಳಿತಿತ್ತು! ದೇಶ, ಭಾಷೆ, ತಾರೀಖು ಬರೆಯುವ ಕ್ರಮ ಇವೂ ವ್ಯವಸ್ಥೆ ತಾನಾಗಿ ಒದಗಿಸುವ ಮೌಲ್ಯಗಳೇ. ನಾವು ಹೇಳದಿದ್ದರೆ ಮಾಡಿದವರ ದೇಶವೇ ನಮ್ಮ ದೇಶವಾಗುತ್ತದೆ. ೨೫/೧೨ ಎಂದು ಬರೆದಿದ್ದರೆ ಇಪ್ಪತ್ತೈದನೆಯ ತಿಂಗಳು ಇಲ್ಲದ್ದರಿಂದ ತಪ್ಪು ಹೊರಬೀಳುತ್ತಿತ್ತು. ತಿಂಗಳ ಮೊದಲ ಹನ್ನೆರಡು ದಿನಗಳಲ್ಲಿ ಮಾತ್ರ ತಪ್ಪು ಸದ್ದಿಲ್ಲದೆ ಒಳಗೆ ಬರುತ್ತದೆ. ಇದಕ್ಕೆ ಪರಿಹಾರ ವರ್ಷ, ತಿಂಗಳು, ದಿನ ಎಂಬ ಅಂತರರಾಷ್ಟ್ರೀಯ ಕ್ರಮ. ೧೯೫೬-೧೧-೦೧ ಎಂದು ಬರೆದರೆ ಅದು ನಮ್ಮ ನಾಡು ಒಂದಾದ ದಿನವೆಂಬುದರಲ್ಲಿ ಅಮೆರಿಕದವರಿಗೂ ಸಂದೇಹ ಬಾರದು.

ಈ ನಾಲ್ಕರಿಂದ ನಾನು ಕಟ್ಟಿಕೊಂಡ ಬುತ್ತಿ ಇಷ್ಟು. ಬದಲಾಗುವುದನ್ನು ಕೈಯಿಂದ ಬರೆಯಬೇಡಿ. ಯಂತ್ರ ಬಲ್ಲದ್ದನ್ನು ಯಂತ್ರದಿಂದಲೇ ಬರೆಸಿ. ಬರೆಸುವ ಮುನ್ನ ಅದು ಯಾರ ದಿನ, ಯಾರ ಗಂಟೆ, ಯಾರ ಹೆಸರು, ಯಾವ ದೇಶದ ಕ್ರಮ ಎಂದು ಕೇಳಿಕೊಳ್ಳಿ. ದಾಖಲೆಗೆ ಹೋಗುವ ಮೌಲ್ಯವನ್ನು ಒಂದೇ ಸಲ ಕೇಳಿ ಗಟ್ಟಿಮಾಡಿ. ಪರೀಕ್ಷೆಯನ್ನು ನಿಮಗೆ ಬಿಡುವಾದ ಹೊತ್ತಿನಲ್ಲಿ ಅಲ್ಲ, ಕೆಲಸ ನಡೆಯುವ ಹೊತ್ತಿನಲ್ಲಿಯೇ ಮಾಡಿ. ಯಂತ್ರದ ಮಾತನ್ನು ತಾಳೆ ನೋಡುವ ಒಬ್ಬ ಮನುಷ್ಯನನ್ನು ಕೊನೆಯಲ್ಲಿ ಇಟ್ಟುಕೊಳ್ಳಿ.

ತಾಳೆ ನೋಡುವವರು ನಮ್ಮ ಮನೆಯಲ್ಲಿ ಅಮ್ಮ. ಸರಪಣಿಯನ್ನು ಆ ದಿನವೇ ಸರಿಪಡಿಸಿದೆ. ಅಂದಿನಿಂದ ಅದು ತಪ್ಪಿಲ್ಲ. ಆದರೂ ಅವರು ಮೊದಲು ಗೋಡೆಯ ಹಾಳೆ ಹರಿದು, ಆಮೇಲೆ ಫೋನು ನೋಡಿ, ಎರಡೂ ಒಂದಾದರೆ ಮಾತ್ರ ಮಾತ್ರೆಯನ್ನು ಡಬ್ಬಿಗೆ ಹಾಕುತ್ತಾರೆ. ಬ್ಯಾಂಕಿನವರು ಹೇಳಿಕೊಡದೆಯೇ ಅವರು ಆ ಪದ್ಧತಿಯನ್ನು ಕಲಿತಿದ್ದಾರೆ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಆ ಸರಪಣಿಯನ್ನು ಹೆಣೆದದ್ದು ಅಮ್ಮನ ಅನುಕೂಲಕ್ಕೆಂದು ಎಲ್ಲರಿಗೂ ಹೇಳಿದ್ದೆ. ನನ್ನ ಅನುಕೂಲವೂ ಅದರಲ್ಲಿ ಇತ್ತು. ದಿನವೂ ಫೋನು ಮಾಡುವುದು ತಪ್ಪುತ್ತದೆಂದು ಒಳಗೇ ಎಣಿಸಿದ್ದೆ. ಆ ಸೋಮವಾರ ಮಾತ್ರೆಯ ಮಾತು ಮುಗಿದ ಮೇಲೆ ಅಮ್ಮ ಫೋನಿಡಲಿಲ್ಲ. ತೋಟದ ಬಾವಿಯ ನೀರು, ಪಕ್ಕದ ಮನೆಯ ಮದುವೆ, ತಮ್ಮ ಮೊಳಕಾಲ ನೋವು ಎಲ್ಲವನ್ನೂ ಹೇಳಿದರು. ಆ ನೋವು ಒಂದು ತಿಂಗಳಿಂದ ಇತ್ತಂತೆ. ದಿನವೂ ಫೋನು ಮಾಡುತ್ತಿದ್ದಾಗಲೂ ನಾನು ಮಾತ್ರೆ ಕೇಳುತ್ತಿದ್ದೆನೇ ಹೊರತು ಮೊಳಕಾಲನ್ನು ಕೇಳಿರಲಿಲ್ಲ. ತಾರೀಖು, ಗಂಟೆ, ಗಣಕದ ಹೆಸರು ಇವನ್ನು ವ್ಯವಸ್ಥೆ ತಾನಾಗಿ ಕೊಡುತ್ತದೆ. ಊರಿನಲ್ಲಿರುವ ತಾಯಿ ಹೇಗಿದ್ದಾರೆಂಬುದನ್ನು ಅದು ಕೊಡಲಾರದು. ನಾವು ಕೇಳಿಯೇ ತಿಳಿಯಬೇಕು.

ಆದುದರಿಂದ ಸಂದೇಶ ಈಗಲೂ ಐದಕ್ಕೆ ಹೋಗುತ್ತದೆ. ಫೋನು ನಾನು ಏಳಕ್ಕೆ ಮಾಡುತ್ತೇನೆ. ತಾವೂ ಈ ಯಂತ್ರಗಳಿಂದ ಕೆಲಸ ತೆಗೆದುಕೊಳ್ಳಿ, ಅವುಗಳಿಂದ ಉಳಿದ ಹೊತ್ತಿನಲ್ಲಿ ಊರಿಗೊಂದು ಫೋನು ಮಾಡಿ.